ಇಪ್ಪತ್ತನೇ ಕಪಾಟು

ಮಾರ್ಚ್ ಹನ್ನೊಂದು, ಬುಧವಾರ

ಗುಬ್ಬಿಗೆ ಅಮ್ಮನ ಆಶೀರ್ವಾದ.

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕಾಗದ ಶುರು ಮಾಡಬೇಕೆಂದು ಹೈಸ್ಕೂಲಿನಲ್ಲಿ ಮೇಷ್ಟರು ಕಲಿಸಿದ್ದರು. ನೀನು ಕ್ಷೇಮವಾಗಿಲ್ಲ ಎಂಬುದು ನನಗೆ ಗೊತ್ತು. ನಾನು ಹೇಗಿದ್ದೇನೆ ಎಂದು ನೀನು ಕೇಳಿಲ್ಲ. ಆದ್ದರಿಂದ ಆ ಸಾಲು ಇಬ್ಬರಿಗೂ ಬೇಡ.

ಕಳೆದ ಮಳೆಗಾಲದಲ್ಲಿ ನಿನ್ನ ಮಗು ಹೋದ ಮೇಲೆ ನೀನು ನನಗೆ ಬರೆದದ್ದು ಒಂದೇ ಸಾಲು. ನಿನ್ನ ಗುಬ್ಬಿ ನನ್ನ ಕಂದನನ್ನು ನೆಲಕ್ಕೆ ಕೆಡವಿತು ಎಂದು. ಕೆಳಗೆ ಹೆಸರಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಿನ್ನ ಅಕ್ಷರ ತಿದ್ದಿಸಿದವಳು ನಾನು. ನಾನೂ ಒಂದೇ ಸಾಲಿನಲ್ಲಿ ಉತ್ತರ ಹಾಕಿದೆ. ನಮ್ಮ ಕೆಲಸಗಾರರು ಪಿನ್ನು ಹೊಡೆಯುವುದಿಲ್ಲ, ಅದು ನಮ್ಮಲ್ಲಿ ಮಾಡಿದ್ದಲ್ಲ ಎಂದು. ಅಲ್ಲಿಂದ ಇಲ್ಲಿಯವರೆಗೆ ನಿನ್ನ ಬಾಯಿಗೆ ಬೀಗ. ಫೋನು ಮಾಡಿದರೆ ಅಳಿಯಂದಿರು ಎತ್ತಿ, ಮಲಗಿದ್ದಾಳೆ ಅತ್ತೆ, ಅನ್ನುತ್ತಾರೆ. ಹೆಂಗಸೊಬ್ಬಳು ಇಷ್ಟು ಮಲಗಿದರೆ ಡಾಕ್ಟರನ್ನು ಕರೆಸಬೇಕು ಎಂದು ಒಮ್ಮೆ ಹೇಳಿದೆ. ಅವರು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ.

ಈ ಕಾಗದ ಸಮಾಧಾನ ಹೇಳುವುದಕ್ಕಲ್ಲ. ಸಮಾಧಾನ ಹೇಳುವ ವಿದ್ಯೆ ನನಗೆ ಬಾರದು, ಅದು ನಿನಗೆ ಹಾಲು ಕುಡಿಯುವಾಗಿನಿಂದ ಗೊತ್ತು. ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ. ಲಕೋಟೆಯಲ್ಲಿ ಟೈಪು ಮಾಡಿಸಿದ ಇನ್ನೊಂದು ಹಾಳೆ ಇದೆ. ಅದನ್ನು ಓದಿ, ನೋಟರಿಯ ಮುಂದೆ ಸಹಿ ಹಾಕಿ, ತಿಂಗಳ ಕೊನೆಯೊಳಗೆ ನನಗೆ ಮುಟ್ಟಿಸಬೇಕು. ಯಾತಕ್ಕೆ ಎಂದು ತಿಳಿಯದೆ ಯಾರೂ ಸಹಿ ಹಾಕಬಾರದು ಎಂದು ನಮ್ಮ ವಕೀಲಮ್ಮ ಹೇಳಿದ್ದಾಳೆ. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ. ಗೊತ್ತಿರುವ ಪುರಾಣವನ್ನೇ ಹೇಳುತ್ತಾಳೆ ಎಂದು ಹಾಳೆ ಮಗುಚಬೇಡ. ನಿನಗೆ ಗೊತ್ತಿರುವುದು ಅರ್ಧ.

ನೀನು ಹುಟ್ಟಿದ ವರ್ಷ ನಿನ್ನ ಅಪ್ಪ ನಿನಗೆಂದು ತೊಟ್ಟಿಲು ಮಾಡಿದರು. ಮಲಗಿದ ಮಗುವಿನ ಕಣ್ಣಿಗೆ ಬೀಳಲಿ ಎಂದು ತಲೆಯ ಕಡೆಯ ಹಲಗೆಯ ಒಳಮೈಗೆ, ಕಾಯಿಸಿದ ಕಬ್ಬಿಣದ ಮೊನೆಯಿಂದ ಒಂದು ಗುಬ್ಬಿ ಬರೆದರು. ಹಲಗೆ ಮೇಲೊಂದು ಗುಬ್ಬಿ, ಹಾಸಿಗೆ ಮೇಲೊಂದು ಗುಬ್ಬಿ ಎಂದು ಮೇಸ್ತ್ರಿ ಹಾಸ್ಯ ಮಾಡಿದ. ನಿನಗೆ ಆ ಹೆಸರೇ ನಿಂತಿತು. ನೋಡಲು ಬಂದವರೆಲ್ಲ ನಮಗೂ ಅಂಥದ್ದೇ ಬೇಕೆಂದರು. ಅಲ್ಲಿಯವರೆಗೆ ಕುರ್ಚಿ ಮೇಜು ಮಾಡುತ್ತಿದ್ದ ಕಾರ್ಖಾನೆ ಗುಬ್ಬಿ ತೊಟ್ಟಿಲಿನ ಕಾರ್ಖಾನೆ ಆಯಿತು.

ಕೆಲವು ವರ್ಷ ಕಳೆದ ಮೇಲೆ ದೊಡ್ಡಾಸ್ಪತ್ರೆಯ ಶವಾಗಾರ ನೋಡಿಕೊಳ್ಳುವವನು ಬಂದು ಹೊಸಿಲ ಆಚೆಯೇ ನಿಂತ. ಹುಟ್ಟಿ ಉಳಿಯದ ಮಕ್ಕಳನ್ನು ಔಷಧಿ ಬಂದ ರಟ್ಟಿನ ಡಬ್ಬದಲ್ಲಿ ಹಾಕಿ ಕೊಡ್ತಾ ಇದ್ದೀವಿ ಅಣ್ಣ, ಹೆತ್ತವರ ಮುಖ ನೋಡೋಕಾಗಲ್ಲ, ನೀವೇ ಏನಾದ್ರೂ ಮಾಡಿ ಅಂದ. ನಿನ್ನ ಅಪ್ಪ ಆ ಹೊತ್ತಿನ ಊಟ ಬಿಟ್ಟರು. ಮಾರನೆಯ ದಿನ ತೊಟ್ಟಿಲಿನ ಬೆಂಚಿನ ಮೇಲೇ, ತೊಟ್ಟಿಲಿಗೆ ತಂದ ಮರದಲ್ಲೇ ಒಂದನ್ನು ಮಾಡಿದರು. ಮೊಳೆ ಇಲ್ಲ. ಎರಡು ಕೈಗಳ ಬೆರಳು ಹೆಣೆದ ಹಾಗೆ ಹಲಗೆಯ ತುದಿಗೆ ತುದಿ ಕೂಡಿಸಿದ ಕೆಲಸ. ಮುಚ್ಚಳದ ಒಳಮೈಗೆ ಗುಬ್ಬಿ. ತೊಟ್ಟಿಲಲ್ಲಿ ಅದನ್ನು ನೋಡಬೇಕಾದ ಕಂದ ಇದರಲ್ಲಾದರೂ ನೋಡಲಿ ಎಂದರು.

ಅದೆಲ್ಲ ಸರಿ. ಆದರೆ ತೊಟ್ಟಿಲು ಕೊಳ್ಳಲು ಬರುವವಳು ಬಸುರಿ. ಅವಳ ಕಿವಿಗೆ ಆ ಪದ ಬಿದ್ದರೆ ಮತ್ತೆ ನಮ್ಮ ಮೆಟ್ಟಿಲು ಹತ್ತುವಳೇ? ಅದಕ್ಕೇ ನಮ್ಮಲ್ಲಿ ಆ ಪದವನ್ನು ಯಾರೂ ಆಡುವಂತಿರಲಿಲ್ಲ. ಅದಕ್ಕೆ ನಾವು ಇಟ್ಟ ಹೆಸರು 'ಇನ್ನೊಂದು'. ತೊಟ್ಟಿಲು ಮುಂದಿನ ಬಾಗಿಲಿನಿಂದ ಹೋಗುವುದು, ಇನ್ನೊಂದು ಹಿತ್ತಲ ಬಾಗಿಲಿನಿಂದ. ಬಿಲ್ಲಿನಲ್ಲಿ ಸಣ್ಣ ಮರದ ಪೆಟ್ಟಿಗೆ ಎಂದು ಬರೆಯುವುದು. ಯಾರಾದರೂ ಬಾಯಿ ತಪ್ಪಿದರೆ ನಿನ್ನ ಅಪ್ಪ ಉಳಿ ಕೆಳಗಿಟ್ಟು, ಬಿಡ್ತು ಅನ್ನು, ಅನ್ನುವರು. ಅಂದ ಮೇಲೆಯೇ ಉಳಿ ಎತ್ತುವರು.

ನಿನಗೆ ನೆನಪಿರಬೇಕು, ಒಂದು ಮಧ್ಯಾಹ್ನ ನೀನು ಹಿತ್ತಲಲ್ಲಿ ಸಾಲಾಗಿಟ್ಟಿದ್ದ ಇನ್ನೊಂದರೊಳಗೆ ನಿನ್ನ ಗೊಂಬೆ ಮಲಗಿಸಿ ಜೋಗುಳ ಹಾಡುತ್ತಿದ್ದೆ. ನಾನು ಬಂದು ರಪ್ಪನೆ ಹೊಡೆದೆ. ಯಾಕೆ ಎಂದು ನೀನು ಕೇಳಿದೆ. ಯಾಕೆ ಎಂದು ಹೇಳಬೇಕಾದರೆ ಆ ಪದ ಆಡಬೇಕು. ಆಡಲಿಲ್ಲ. ಇನ್ನೊಂದು ಏಟು ಹಾಕಿದೆ. ನಿನ್ನ ಅಪ್ಪ ಆ ವಾರವೇ ನಿನ್ನ ಗೊಂಬೆಗೆ ಬೇರೆ ಸಣ್ಣ ತೊಟ್ಟಿಲು ಮಾಡಿಕೊಟ್ಟರು. ಆಮೇಲೆ ಅದೂ ಅಂಗಡಿಗೆ ಬಂತು, ಚೆನ್ನಾಗಿಯೇ ಹೋಯಿತು.

ಅವರು ಹೋದ ಮೇಲೆ ಕಾರ್ಖಾನೆ ನನ್ನ ಕೈಗೆ ಬಂತು. ಹಲಗೆ ಮಾಮನನ್ನು ನೀನು ಮರೆತಿರಲಾರೆ. ನಮಗೆ ಪ್ಲೈವುಡ್ ತಂದು ಹಾಕುತ್ತಿದ್ದವನು, ಬರುವಾಗಲೆಲ್ಲ ನಿನಗೆ ಆಡಲು ತುಂಡು ಹಲಗೆ ತರುತ್ತಿದ್ದವನು. ಆ ಹೆಸರು ಇಟ್ಟವಳೂ ನೀನೇ. ನಿನ್ನ ಅಪ್ಪ ಹೋದ ವರ್ಷ ಕಳೆಯುವುದರೊಳಗೆ ಅವನು ತಾನೇ ಸಾಮಾನು ಮಾಡಿಸಲು ಶುರು ಮಾಡಿದ. ಒಂದು ದಿನ ಮೇಸ್ತ್ರಿ ಸಂತೆಯಿಂದ ಸ್ಟೂಲೊಂದನ್ನು ತಂದು ನನ್ನ ಮುಂದೆ ತಲೆಕೆಳಗು ಮಾಡಿ ಇಟ್ಟ. ಅಡಿಯಲ್ಲಿ ನಮ್ಮ ಗುಬ್ಬಿ. ಸುಟ್ಟದ್ದಲ್ಲ, ಶಾಯಿಯ ಮುದ್ರೆ. ಕೂತ್ಕೊಳ್ಳೋ ಜಾಗದ ಕೆಳಗೆ ಗುಬ್ಬಿ ಇಟ್ಟಿದ್ದಾನೆ ಅಮ್ಮಾವ್ರೇ, ಇದರ ಪಾಡೇನು ಅಂದ. ಗುಬ್ಬಿ ನಮ್ಮ ಗುರುತೆಂದು ಸರ್ಕಾರದಲ್ಲಿ ನೋಂದಾಯಿಸಲು, ನಾನು ಸೀರೆ ಬದಲಿಸಿ ವಕೀಲರನ್ನು ಹುಡುಕಿಕೊಂಡು ಹೊರಟೆ.

ವಕೀಲಮ್ಮನ ಆಫೀಸು ದರ್ಜಿ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಕೆಳಗಿನ ಮಷಿನ್ನುಗಳ ಸದ್ದು ಪಾದಕ್ಕೆ ತಾಗುತ್ತದೆ. ನಿನ್ನ ವಯಸ್ಸಿನ ಹುಡುಗಿ, ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ತನ್ನ ಪೆನ್ನನ್ನೇ ಕಾಪಾಡಿಕೊಳ್ಳಲಾರದವಳು ನನ್ನ ಗುಬ್ಬಿಯನ್ನೇನು ಕಾಪಾಡುತ್ತಾಳೆ ಅಂದುಕೊಂಡೆ. ಆದರೆ ಕೆಲಸ ಬಲ್ಲವಳು. ಗುಬ್ಬಿ ಚಿತ್ರ ಕೊಟ್ಟರೆ ಮುಗೀಲಿಲ್ಲ ಅಮ್ಮ, ಆ ಚಿತ್ರ ಯಾವ ಯಾವ ಸಾಮಾನಿನ ಮೇಲೆ ಅಂತ ಅರ್ಜೀಲಿ ಬರೀಬೇಕು ಅಂದಳು. ಲೋಕದ ಸರಕನ್ನೆಲ್ಲ ಮೂವತ್ತನಾಲ್ಕು ವರ್ಗ ಮಾಡಿದ್ದಾರಂತೆ, ಅದರಾಚೆಯವು ಸೇವೆಗಳಿಗಂತೆ. ಒಂದೊಂದು ವರ್ಗವನ್ನೂ ಒಂದೊಂದು ಕಪಾಟು ಅಂದುಕೊಳ್ಳಿ ಅಂದಳು. ಸಾಮಾನು ತಪ್ಪು ಕಪಾಟಿಗೆ ಹೋದರೆ ಬೇಕಾದ ದಿನ ಸಿಕ್ಕುವುದಿಲ್ಲ. ಬರೆಯದೆ ಬಿಟ್ಟದ್ದು ನಿಮ್ಮದಲ್ಲ.

ತೊಟ್ಟಿಲು ಇಪ್ಪತ್ತನೇ ಕಪಾಟಿಗೆ ಹೋಯಿತು, ಮೇಜು ಕುರ್ಚಿಗಳ ಜೊತೆ. ತೊಟ್ಟಿಲಿಗೆ ಹೊದಿಸುವ ಕಂಬಳಿ ಇಪ್ಪತ್ತನಾಲ್ಕಕ್ಕೆ, ಬಟ್ಟೆಯ ಜೊತೆ. ಗೊಂಬೆ ತೊಟ್ಟಿಲನ್ನೂ ಇಪ್ಪತ್ತಕ್ಕೇ ಬರೆಯಮ್ಮ, ಅದೇ ಮರ, ಅದೇ ಬೆಂಚು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಮರ ನೋಡಿ ಕಪಾಟು ಹೇಳಲ್ಲ ಅಮ್ಮ, ಆ ವಸ್ತು ಯಾತಕ್ಕೆ ಅಂತ ನೋಡ್ತಾರೆ. ಗೊಂಬೆ ತೊಟ್ಟಿಲು ಆಟದ ಸಾಮಾನು, ಇಪ್ಪತ್ತೆಂಟಕ್ಕೆ ಹೋಗುತ್ತೆ ಅಂದಳು. ಏನು, ಯಾತರದ್ದು, ಯಾತಕ್ಕೆ, ಮೂರೂ ಬರಬೇಕು. ನಮ್ಮ ಅಂಗಡಿಯನ್ನು ಕಂಡೇ ಇರದವನು ಓದಿದರೂ ಸಾಮಾನು ಕಣ್ಣಿಗೆ ಕಟ್ಟಬೇಕು ಅಂದಳು. ನನಗೆ ಆ ಮಾತು ಹಿಡಿಸಿತು. ಲೆಕ್ಕದ ಮೇಷ್ಟರ ಮಾತಿನಂತಿತ್ತು.

ಆಮೇಲೆ ಕೇಳಿದಳು, ಇನ್ನೇನಾದ್ರೂ ಮಾಡ್ತೀರಾ?

ಜೊತೆಗೆ ಬಂದಿದ್ದ ಮೇಸ್ತ್ರಿ ತನ್ನ ಚಪ್ಪಲಿ ನೋಡಿಕೊಂಡ. ನಾನು, ಸಣ್ಣ ಮರದ ಪೆಟ್ಟಿಗೆ ಎಂದೆ. ಯಾತಕ್ಕೆ ಪೆಟ್ಟಿಗೆ ಅಂದಳು. ಪೆಟ್ಟಿಗೆ ಯಾತಕ್ಕಿರುತ್ತದೆ, ಸಾಮಾನು ಇಡೋದಕ್ಕೆ ಎಂದೆ. ಅವಳು ಮುಚ್ಚಳ ಬಾಯಿಂದ ತೆಗೆದು ನನ್ನ ಮುಖ ನೋಡಿ ಇನ್ನೊಂದು ಸಲ ಕೇಳಿದಳು. ನಾನು ಹೈಸ್ಕೂಲು ಓದಿದವಳು, ಒಂದು ಸಲ ಹೇಳಿದ್ದು ತಿಳಿಯಿತೋ ಇಲ್ಲವೋ ಎಂದೆ. ಬರೆದಳು: ಸಾಮಾನು ಇಡುವ ಸಣ್ಣ ಮರದ ಪೆಟ್ಟಿಗೆಗಳು. ನಾನು ಓದಿ ಸಹಿ ಹಾಕಿದೆ. ಪ್ರಮಾಣಪತ್ರ ಬಂದ ದಿನ ಕಟ್ಟು ಹಾಕಿಸಿ ನಿನ್ನ ಅಪ್ಪನ ಪಟದ ಪಕ್ಕ ತೂಗಿಸಿದೆ. ಹಲಗೆ ಮಾಮನ ಸ್ಟೂಲಿನಿಂದ ಗುಬ್ಬಿ ಹಾರಿಹೋಯಿತು. ನನಗೆ ಜಂಭವೂ ಆಯಿತು. ಸುಳ್ಳು ಯಾಕೆ ಹೇಳಲಿ.

ಅವನು ಸುಮ್ಮನೆ ಕೂರುವ ಜಾತಿಯವನಲ್ಲ. ನಮ್ಮ ಅರ್ಜಿಯನ್ನು ತರಿಸಿ ಓದಿದ. ಏನಿದೆ ಎಂದು ನೋಡುವುದಕ್ಕಲ್ಲ, ಏನಿಲ್ಲ ಎಂದು ನೋಡುವುದಕ್ಕೆ. ಹಿತ್ತಲ ಬಾಗಿಲಿಗೆ ವರ್ಷಗಟ್ಟಲೆ ಹಲಗೆ ಇಳಿಸಿದವನಿಗೆ ನಾವು ಬಿಟ್ಟದ್ದೇನು ಎಂದು ಹೇಳಿಕೊಡಬೇಕೇ? ದೊಡ್ಡ ಊರುಗಳ ಆಸ್ಪತ್ರೆಯ ಬಾಗಿಲುಗಳಲ್ಲಿ ಅಂಗಡಿ ಹಿಡಿದ. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ, ಮೇಲೆ ಮರದ ಗೆರೆ ಅಚ್ಚು ಹೊಡೆದ ಕಾಗದ, ಮೂಲೆಗೆ ಪಿನ್ನು. ಮುಚ್ಚಳದ ಒಳಗೆ ಗುಬ್ಬಿ. ನಮ್ಮ ಗುಬ್ಬಿಯ ಹೆಸರು ಆಸ್ಪತ್ರೆಗಳಲ್ಲಿ ಎಲ್ಲಿಯವರೆಗೆ ಹರಡಿತ್ತೋ ನನಗೇ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಎರಡು ವರ್ಷದ ಕೆಳಗೆ ಆ ಗುಬ್ಬಿ ತನ್ನದೇ ಎಂದು ಅರ್ಜಿಯನ್ನೂ ಹಾಕಿದ. ಅವನಿಗೆ ನಾಚಿಕೆ ಇಲ್ಲ. ಸರಕು ಏನು ಎಂಬ ಜಾಗದಲ್ಲಿ ನೆಟ್ಟಗೆ ಬರೆದ: ಶವಪೆಟ್ಟಿಗೆಗಳು.

ಬರೆದೆ ನೋಡು. ಬಿಡ್ತು ಅನ್ನುವುದಿಲ್ಲ. ಬೆಂಕಿ ಎಂದರೆ ಬಾಯಿ ಸುಡುವುದಿಲ್ಲ ಅನ್ನುತ್ತಾರೆ. ಅನ್ನದೆ ಇದ್ದದ್ದಕ್ಕೆ ನಮ್ಮ ಮನೆ ಸುಟ್ಟಿತು.

ವಕೀಲಮ್ಮ ನಮ್ಮ ಪರವಾಗಿ ಆಕ್ಷೇಪಣೆ ಹಾಕಿದಳು. ಕಳೆದ ತಿಂಗಳು ಅದರ ವಿಚಾರಣೆ ಆಯಿತು. ಉದ್ದನೆಯ ಕೋಣೆ, ಗೋಡೆಗೆ ಎದೆಯೆತ್ತರದವರೆಗೆ ಹಸಿರು ಬಣ್ಣ, ಅಧಿಕಾರಿಯ ಮೇಜಿನ ಮೇಲೆ ಒಂದು ತಣ್ಣಗಾದ ಚಹಾ. ಹಲಗೆ ಮಾಮನ ವಕೀಲ ಎದ್ದು ನನ್ನ ಸಹಿ ಇರುವ ಅರ್ಜಿಯನ್ನೇ ಓದಿದ. ಈ ತಾಯಿ ತಮ್ಮ ಕೈಯಾರೆ ಬರೆದುಕೊಟ್ಟಿದ್ದಾರೆ ಸ್ವಾಮಿ, ಸಾಮಾನು ಇಡುವ ಪೆಟ್ಟಿಗೆ ಅಂತ. ಆಮೇಲೆ ನಮ್ಮ ಬಿಲ್ಲುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ. ಸಣ್ಣ ಮರದ ಪೆಟ್ಟಿಗೆ, ಸಣ್ಣ ಮರದ ಪೆಟ್ಟಿಗೆ. ಗುಂಡಿ ಇಡೋದಕ್ಕೋ, ಬಳೆ ಇಡೋದಕ್ಕೋ, ಆಸ್ಪತ್ರೆಯವರು ಹತ್ತಿ ಇಡೋದಕ್ಕೋ? ಇವರು ಶವಪೆಟ್ಟಿಗೆ ಮಾಡಿದ್ದಾರೆ ಅನ್ನೋದಕ್ಕೆ ಒಂದೇ ಒಂದು ಚೂರು ಕಾಗದ ತೋರಿಸಲಿ ಎಂದ. ಮೇಸ್ತ್ರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನನ್ನ ಈ ಕೈಯಲ್ಲಿ ಮಾಡಿದ್ದೀನಿ ಎಂದು ಕೈ ಚಾಚಿದ. ಅಧಿಕಾರಿ ಒಳ್ಳೆಯವರು, ನೀವು ಅವರ ಕೆಲಸದವರು, ಕೂತ್ಕೊಳ್ಳಿ ಅಂದರು. ಮೊದಲು ಬಂದಿದ್ದ ಶವಾಗಾರದವನು ತೀರಿಕೊಂಡು ಬಹಳ ಕಾಲವಾಯಿತು. ಈಗ ಅಲ್ಲಿರುವವರು ಹಲಗೆ ಮಾಮನ ಗಿರಾಕಿಗಳು. ನಮಗೇನೂ ಗೊತ್ತಿಲ್ಲ ಅಂದರು.

ಹೊರಗೆ ಮೆಟ್ಟಿಲ ಮೇಲೆ ವಕೀಲಮ್ಮನನ್ನು ಕೇಳಿದೆ, ಅವತ್ತು ಆ ಪದ ಬರೆದಿದ್ದರೆ ಅದು ಯಾವ ಕಪಾಟಿಗೆ ಹೋಗುತ್ತಿತ್ತು ಎಂದು. ಎಲ್ಲೋ ಕೊನೆಯ ಕಪಾಟಿರಬೇಕು, ತೊಟ್ಟಿಲಿನಿಂದ ದೂರ, ಯಾರೂ ನೋಡದ ಕಡೆ ಅಂದುಕೊಂಡಿದ್ದೆ. ಇಪ್ಪತ್ತನೇದೇ ಅಮ್ಮ, ತೊಟ್ಟಿಲಿನ ಕಪಾಟೇ ಅಂದಳು. ಬೇರೆ ಅರ್ಜಿ ಬೇಕಿರಲಿಲ್ಲ, ಬೇರೆ ಸಾಲು ಕೂಡ ಬೇಕಿರಲಿಲ್ಲ. ತೊಟ್ಟಿಲು ಎಂದು ಬರೆದು ಅಲ್ಪವಿರಾಮ ಹಾಕಿ ಮುಂದಕ್ಕೆ ಬರೆದಿದ್ದರೆ ಆಗಿತ್ತು. ಆ ಕಪಾಟುಗಳನ್ನು ಮಾಡಿದವನು ಯಾರೋ, ಅವನ ಮನೆಯಲ್ಲಿ ಏನು ನಡೆದಿತ್ತೋ. ನಾನು ಮುಂದಿನ ಬಾಗಿಲು, ಹಿತ್ತಲ ಬಾಗಿಲು ಎಂದು ಜೀವಮಾನವಿಡೀ ಬೇರೆ ಮಾಡಿದ್ದನ್ನು ಅವನು ಒಂದೇ ಕಡೆ ಇಟ್ಟಿದ್ದಾನೆ.

ಹಲಗೆ ಮಾಮ ಅಲ್ಲೇ ಇದ್ದ. ಹತ್ತಿರ ಬಂದು, ಅಕ್ಕ, ನಮ್ಮ ನಮ್ಮಲ್ಲೇ ಮುಗಿಸ್ಕೊಳ್ಳೋಣ. ತೊಟ್ಟಿಲು ನಿಮಗೆ, ಇನ್ನೊಂದು ನನಗೆ. ಮನುಷ್ಯ ಬರೋ ದಾರಿ ನೀವು ನೋಡ್ಕೊಳ್ಳಿ, ಹೋಗೋ ದಾರಿ ನಾನು ನೋಡ್ಕೋತೀನಿ ಎಂದು ಹಲ್ಲು ಬಿಟ್ಟ. ಕೇಳಿಸಿಕೊಂಡೆಯಾ, ನಮ್ಮ ಮನೆಯ ಮಾತನ್ನೇ ಕಲಿತಿದ್ದಾನೆ, ಇನ್ನೊಂದು ಅಂತ. ನೀನು ಹೋಗುವಾಗ ನಿನಗೆ ನಿನ್ನ ಹಲಗೆಯಲ್ಲೇ ಮಾಡಿಸಲಿ ಎಂದು ಅವನಿಗೆ ಹೇಳಿ ಬಂದೆ.

ವಕೀಲಮ್ಮನಿಗೂ ಆ ರಾಜಿ ಒಳ್ಳೆಯದೇ ಎಂದು ಒಳಗೊಳಗೆ ಅನ್ನಿಸಿತ್ತೇನೋ. ತೊಟ್ಟಿಲಾದರೂ ನಿಷ್ಕಳಂಕವಾಗಿ ಉಳಿಯುತ್ತೆ ಅಂದಳು. ನಾನು ಒಪ್ಪಲಿಲ್ಲ. ತೊಟ್ಟಿಲು ಕೆಟ್ಟರೆ ತಾಯಿ ಬಂದು ಜಗಳವಾಡುತ್ತಾಳೆ, ಸರಿ ಮಾಡಿಕೊಡಬಹುದು. ಇನ್ನೊಂದು ಕೆಟ್ಟರೆ ಸರಿ ಮಾಡುವ ದಿನವೇ ಇಲ್ಲ. ಗುಬ್ಬಿ ಎಲ್ಲಿ ನೆಟ್ಟಗಿರಬೇಕೋ ಅಲ್ಲಿಂದಲೇ ಅದನ್ನು ಬಿಟ್ಟುಕೊಡುವುದಾದರೆ ತೊಟ್ಟಿಲಿನ ಮೇಲೆ ಇಟ್ಟುಕೊಂಡು ನಾನು ಮಾಡುವುದೇನು?

ಹಳೆಯ ಅರ್ಜಿಯಿಂದ ಸರಕನ್ನು ತೆಗೆಯಬಹುದಂತೆ, ಹೊಸದನ್ನು ಸೇರಿಸಲು ಬರುವುದಿಲ್ಲವಂತೆ. ಆದ್ದರಿಂದ ಹೊಸ ಅರ್ಜಿ ಹಾಕಿಸಿದೆ. ಸರಕು ಏನು ಎಂಬ ಜಾಗವನ್ನು ವಕೀಲಮ್ಮನ ಕೈಗೆ ಕೊಡದೆ ನಾನೇ ಕರಡು ಬರೆದೆ: ಎಳೆಯ ಮಕ್ಕಳ ಶವಪೆಟ್ಟಿಗೆಗಳು, ಮರದವು. ಬಿಲ್ಲಿನಲ್ಲಿಯೂ ಈಗ ಹಾಗೆಯೇ ಬರೆಯುತ್ತೇವೆ. ಗುಟ್ಟು ನಿಲ್ಲುತ್ತದೆಯೇ? ಹೋದ ವಾರ ಅತ್ತೆ ಸೊಸೆ ಬಂದು ಮುಂಗಡ ಕೊಟ್ಟಿದ್ದ ತೊಟ್ಟಿಲು ಬೇಡ ಅಂದರು. ಅತ್ತೆ ಹೊಸಿಲಿನ ಆಚೆ ನಿಂತೇ ಮಾತಾಡಿದಳು. ಸೊಸೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತೊಟ್ಟಿಲನ್ನೇ ನೋಡುತ್ತಿದ್ದಳು, ಪಾಪ, ಅವಳಿಗೆ ಆಸೆ ಇತ್ತು. ಆಮೇಲೆ ಇನ್ನೂ ಕೆಲವರು. ಮೇಸ್ತ್ರಿ ಇಬ್ಬರು ಹುಡುಗರನ್ನು ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದು ಕಳಿಸಬೇಕಾಯಿತು. ನಿನ್ನ ಅಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ಆ ಪದ ಮುಂದಿನ ಬಾಗಿಲಿಗೆ ಬಂದರೆ ಬಸುರಿಯರು ಬರುವುದಿಲ್ಲ. ಅದು ತಿಳಿದೇ ನಾನು ಬರೆದದ್ದು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಅವನ ಅರ್ಜಿ ನಮ್ಮದಕ್ಕಿಂತ ಮುಂದಿದೆ. ನಾವೇ ಮೊದಲಿನಿಂದ ಇದನ್ನು ಮಾಡುತ್ತಿದ್ದೆವು, ಆ ಗುಬ್ಬಿ ಕಂಡರೆ ಜನ ನಮ್ಮದೆಂದು ನಂಬುತ್ತಾರೆ, ಅವನ ಪೆಟ್ಟಿಗೆಯಿಂದ ಮೋಸ ಹೋಗಿದ್ದಾರೆ ಎಂದು ತೋರಿಸಬೇಕು. ಹಾಗೆ ಮೋಸ ಹೋದ ಒಬ್ಬರು ಸಿಕ್ಕರೂ ಸಾಕು ಎಂದು ವಕೀಲಮ್ಮ ಹೇಳಿದಳು. ನನ್ನ ಮಗಳಿದ್ದಾಳೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು. ಕೇಳಲೇಬೇಕಾ ಅಮ್ಮ ಅಂದಳು. ನಾನು ಕೇಳುತ್ತಿದ್ದೇನೆ.

ಹಾಳೆಯಲ್ಲಿ ಏನಿದೆ ಎಂದರೆ, ನೀನು ಆ ಕಾರ್ಖಾನೆಯಲ್ಲಿ ಬೆಳೆದವಳು, ಮುಚ್ಚಳದೊಳಗಿನ ಗುಬ್ಬಿಯನ್ನು ಚಿಕ್ಕಂದಿನಿಂದ ಬಲ್ಲವಳು. ಅಳಿಯಂದಿರು ಆಸ್ಪತ್ರೆಯ ಎದುರಿನ ಅಂಗಡಿಯಿಂದ ತಂದ ಪೆಟ್ಟಿಗೆಯಲ್ಲಿ ಆ ಗುಬ್ಬಿಯನ್ನು ಕಂಡು ಅದು ನಿನ್ನ ತಾಯಿಯ ಕೆಲಸವೆಂದೇ ನಂಬಿದೆ. ಅದರ ತಳದ ಹಲಗೆ ಮಳೆಯ ನೀರಿಗೆ ಬಿಸ್ಕತ್ತಿನಂತೆ ಉಬ್ಬಿ, ಕಾಲ ಕಡೆಯ ಮೂಲೆಯ ಪಿನ್ನುಗಳು ಮೊದಲು ಬಿಟ್ಟು, ಸ್ಮಶಾನದ ಮೆಟ್ಟಿಲ ಮೇಲೆ ಕಳಚಿತು. ಇಷ್ಟೇ. ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು, ಮಗಳು ಬರೆದಿದ್ದಳಾ ಎಂದು ವಕೀಲಮ್ಮ ಕೇಳಿದಳು. ಮರದ ಕೆಲಸ ಬಲ್ಲವರಿಗೆ ಗೊತ್ತಾಗುತ್ತದೆ ಎಂದೆ.

ಇದು ಕಲ್ಲೆದೆಯ ಕೆಲಸ ಅಂತ ನೀನು ಅನ್ನುತ್ತೀಯೆ. ಅನ್ನು. ನನ್ನ ಮೇಲೆ ನಿಮ್ಮ ಮನೆಯಲ್ಲಿ ಇನ್ನೂ ಎರಡು ದೂರುಗಳಿವೆ ಎಂಬುದು ಗೊತ್ತು. ಅಳಿಯಂದಿರು ಆಸ್ಪತ್ರೆಯಿಂದ ಫೋನು ಮಾಡಿ, ಅತ್ತೆ, ಮಗು ಹೋಯ್ತು ಅಂದಾಗ ನಾನು ಉದ್ದ ಎಷ್ಟು ಎಂದು ಕೇಳಿದೆ. ಅವರು ಏನೂ ತೋಚದೆ, ಮೊಳಕ್ಕಿಂತ ಚೂರು ಹೆಚ್ಚು ಅಂದರು. ನಾನು ಫೋನು ಇಟ್ಟೆ. ಮೊಮ್ಮಗು ಸತ್ತರೆ ನಮ್ಮತ್ತೆ ಅಳತೆ ಕೇಳಿದರು ಎಂದು ಅವರು ಬೀಗರಿಗೆಲ್ಲ ಹೇಳಿಕೊಂಡು ಬಂದದ್ದು ನನ್ನ ಕಿವಿಗೂ ಬಿದ್ದಿದೆ. ಹೌದು, ಕೇಳಿದೆ. ಇನ್ನೊಂದು ದೂರು, ಮಣ್ಣಿಗೆ ನಾನು ಬರಲಿಲ್ಲ ಎಂಬುದು. ಅವತ್ತು ಮಳೆ, ಬಸ್ಸು ತಡವಾಯಿತು. ಅದಕ್ಕಿಂತ ಹೆಚ್ಚು ಇಲ್ಲಿ ಬೇಡ.

ನಿನಗೆ ಮಗು ಹೋದ ದುಃಖ. ನಾನು ಬೇಡ ಅನ್ನುವುದಿಲ್ಲ. ಆದರೆ ಈ ಮಳೆಗಾಲಕ್ಕೆ ಇನ್ನೊಬ್ಬ ತಾಯಿ ಆ ಮೆಟ್ಟಿಲು ಹತ್ತುತ್ತಾಳೆ. ಅವಳ ಕೈಯಲ್ಲಿ ಹಲಗೆ ಮಾಮನ ಪೆಟ್ಟಿಗೆ, ಅದರೊಳಗೆ ನಿನ್ನ ಹೆಸರಿನ ಗುಬ್ಬಿ. ನೀನು ಸಹಿ ಹಾಕಿದರೆ ಅದನ್ನು ತಡೆಯಬಹುದು. ಹಾಕದಿದ್ದರೆ ಗುಬ್ಬಿ ಕಾನೂನು ಪ್ರಕಾರ ಅವನದು. ಆಗ ನಮ್ಮ ಬೆಂಚಿನ ಮೇಲೆ ಮಾಡಿದ ಇನ್ನೊಂದಕ್ಕೆ ಗುಬ್ಬಿ ಸುಟ್ಟರೆ ನಾವೇ ಕಳ್ಳರು.

ಯೋಚಿಸು. ಬಹಳ ಯೋಚಿಸಬೇಡ. ಊಟ ಸರಿಯಾಗಿ ಮಾಡು. ತಲೆಗೆ ಎಣ್ಣೆ ಹಾಕಿಕೋ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು, ಅವರಿಗೆ ಬೇಕೆನ್ನಿಸಿದರೆ.

ಇಂತಿ
ನಿನ್ನನ್ನು ಹೆತ್ತವಳು

ಬರೆದ ಮೇಲೆ ತೋಚಿದ್ದು:

ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಟೈಪು ಮಾಡಿದ ಹಾಳೆಯನ್ನು ತೆಗೆದಿಟ್ಟುಕೊಂಡೆ. ಹುಡುಕಬೇಡ, ಅದು ಇದರಲ್ಲಿಲ್ಲ. ನಿನ್ನ ಸಹಿ ಬೇಡ.

ಕಣ್ಣಾರೆ ಕಂಡವರೊಬ್ಬರು ಇದ್ದಾರೆ. ನಾನು ಮಣ್ಣಿಗೆ ಬಂದಿದ್ದೆ. ಅಳಿಯಂದಿರ ಫೋನು ಬಂದ ಬೆಳಗ್ಗೆ ಮೇಸ್ತ್ರಿಯೂ ನಾನೂ ಕೂತು ಇನ್ನೊಂದನ್ನು ಮಾಡಿದೆವು. ಮುಚ್ಚಳಕ್ಕೆ ಗುಬ್ಬಿಯನ್ನು ನಾನೇ ಸುಟ್ಟೆ. ನಿನ್ನ ತೊಟ್ಟಿಲಿನ ಹಳೆಯ ಕಂಬಳಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರು, ಏನಮ್ಮ ಅದು, ಮೇಲಿಡಿ ಅಂದ. ಸಣ್ಣ ಪೆಟ್ಟಿಗೆ, ತೊಡೆ ಮೇಲೇ ಇರಲಿ ಎಂದೆ. ನಾನು ಸ್ಮಶಾನದ ಗೇಟಿನ ನಲ್ಲಿಯ ಹತ್ತಿರ ಬರುವಾಗ ನೀವು ಮೆಟ್ಟಿಲ ಮೇಲಿದ್ದಿರಿ. ಅಳಿಯಂದಿರ ಕೈಯಲ್ಲಿ ಆಗಲೇ ಒಂದು ಪೆಟ್ಟಿಗೆ ಇತ್ತು. ಅದರ ತಳ ಬಿಟ್ಟಿತು. ನೀನು ಮೈಮೇಲಿನ ಹಸಿರು ಶಾಲು ತೆಗೆದು ಮಗುವನ್ನು ಸುತ್ತಿಕೊಂಡೆ. ಸುತ್ತಿಕೊಳ್ಳುತ್ತಾ, ಇದು ನಮ್ಮಮ್ಮನ ಕೆಲಸ, ನಮ್ಮಮ್ಮನ ಕೆಲಸ ಅಂದೆ. ಕೂಗಲಿಲ್ಲ, ಮೆಲ್ಲಗೇ ಅಂದೆ. ನನಗೆ ಕೇಳಿಸಿತು. ಸರಿಯಾದದ್ದು ನನ್ನ ಕೈಯಲ್ಲೇ ಇತ್ತು. ಕಾಲು ಮುಂದೆ ಬರಲಿಲ್ಲ.

ನೀವೆಲ್ಲ ಹೋದ ಮೇಲೆ ಮುರಿದದ್ದನ್ನು ಆಯ್ದುಕೊಂಡು ಬಂದೆ. ಎರಡೂ ಹಿಂದಿನ ಬೆಂಚಿನ ಕೆಳಗಿವೆ. ಮುಂದಿನ ವಿಚಾರಣೆಗೆ ಎರಡನ್ನೂ ಅಧಿಕಾರಿಯ ಮೇಜಿನ ಮೇಲೆ ಇಟ್ಟು ಹೇಳುತ್ತೇನೆ, ಯಾವುದು ಏನು, ಯಾತರದ್ದು, ಯಾರಿಗೆ ಮಾಡಿದ್ದು. ಆ ಗುರುತನ್ನು ಹುಟ್ಟಿದಂದಿನಿಂದ ಬಲ್ಲವಳೇ ಮೋಸ ಹೋಗಿ ಏನಂದಳು ಎಂಬುದನ್ನೂ ಹೇಳುತ್ತೇನೆ. ಕೇಳಿಸಿಕೊಂಡವಳು ನಾನು.

ಅಳಿಯಂದಿರನ್ನು ಉದ್ದ ಎಷ್ಟು ಎಂದು ಕೇಳಿದ್ದು ಅದಕ್ಕೆ. ಯಾತಕ್ಕೆ ಎಂದು ಹೇಳಿ ಕೇಳಬೇಕಿತ್ತು.